ವೈರು ಬಂತು, ಬಿಲ್ಲು ಕಟ್ಟೋರ್ಯಾರು?

ಅಂಗಡಿ ಬಾಗಿಲು ಹಾಕುವ ಮುಂಚೆ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇದೆ. ತೆರಿಗೆಯ 100 ರೂಪಾಯಿಗೆ 6 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವ ದುಡ್ಡು ಇದು. ವಸೂಲಿ ಮಾಡೋದು ನಗರಸಭೆ, ಪಂಚಾಯ್ತಿ, ಸೇರಬೇಕಾದ್ದು ಲೈಬ್ರರಿಗೆ. ಸೇರುತ್ತದೆಯೇ? ಬೆಂಗಳೂರಿನಲ್ಲಿ ಬಿಬಿಎಂಪಿ ಇದ್ದಾಗ ಈ ಕರವನ್ನು ವರ್ಷಗಟ್ಟಲೆ ಬಾಕಿ ಇಟ್ಟುಕೊಂಡು ಕೂತಿದ್ದು ಊರಿಗೆಲ್ಲ ಗೊತ್ತಿರುವ ಕತೆ.

ಲೈಬ್ರರಿ ಅಂದರೆ ಈಗ ಬರೀ ಪೇಪರ್ ಓದುವ ಜಾಗವಲ್ಲ. ಸ್ಕಾಲರ್‌ಶಿಪ್ ಅರ್ಜಿ, ನೌಕರಿ ಅರ್ಜಿ, ಪರೀಕ್ಷೆ ರಿಸಲ್ಟು, ಕಡೆಗೆ ಪಹಣಿಯೂ ಇಂಟರ್ನೆಟ್ಟಿನಲ್ಲೇ. ಮನೆಯಲ್ಲಿ ಸೌಕರ್ಯ ಇಲ್ಲದ ಹುಡುಗ ಸೈಬರ್ ಅಂಗಡಿಯಲ್ಲಿ ದುಡ್ಡು ತೆರಬೇಕು. ಅಪ್ಪ ಕರ ಕಟ್ಟಿಯೂ ಮಗ ಮತ್ತೆ ಕಾಸು ಬಿಚ್ಚಬೇಕು!

ಸರ್ಕಾರ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 5 ಸಾವಿರಕ್ಕೂ ಮೀರಿದ ಲೈಬ್ರರಿಗಳಿಗೆ ಬಣ್ಣ ಬಂತು, ಎಷ್ಟೋ ಕಡೆ ಕಂಪ್ಯೂಟರೂ ಬಂತು, 'ಅರಿವು ಕೇಂದ್ರ' ಅಂತ ಹೆಸರೂ ಬಂತು. ಕೇಂದ್ರ ಸರ್ಕಾರ 2011ರಲ್ಲೇ ಪಂಚಾಯ್ತಿಗಳಿಗೆ ಫೈಬರ್ ವೈರು ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು.

ತೊಡಕು ಇರೋದು ಪಂಚಾಯ್ತಿ ಬಾಗಿಲಿನಿಂದ ಮುಂದಕ್ಕೆ. ಅಲ್ಲಿಂದ ಶಾಲೆಗೆ, ಲೈಬ್ರರಿಗೆ ವೈರು ಎಳೆಯೋರು ಯಾರು? ಪೆಟ್ಟಿಗೆ ಕೆಟ್ಟರೆ ರಿಪೇರಿ ಯಾರದು? ತಿಂಗಳ ಬಿಲ್ಲು? ಕಂಪ್ಯೂಟರ್ ಕೊಟ್ಟರೆ ಟೇಪು ಕತ್ತರಿಸಿ ಫೋಟೋ ತೆಗೆಸಿಕೊಳ್ಳಬಹುದು. ತಿಂಗಳ ಬಿಲ್ಲು ಕಟ್ಟಿದರೆ ಯಾವ ಫೋಟೋ? ಕರೆಂಟ್ ಬಿಲ್ಲಿನ ಹಾಗೆ ಇದೂ ಖಾಯಂ ಖರ್ಚು ಅಂತ ಬಜೆಟ್ಟಿನಲ್ಲಿ ಬರೆದಿಡದಿದ್ದರೆ ಕಂಪ್ಯೂಟರಿಗೆ ಧೂಳೇ ಗತಿ.

ಕೇಂದ್ರ ಶಿಕ್ಷಣ ಇಲಾಖೆಯ 2023-24ರ ಲೆಕ್ಕದಲ್ಲಿ ದೇಶದ 100 ಶಾಲೆಗಳಲ್ಲಿ ಇಂಟರ್ನೆಟ್ ಇದ್ದದ್ದು ಸುಮಾರು 54ಕ್ಕೆ. ಇದ್ದ ಕಡೆ ದಿನವೂ ನಡೆಯುತ್ತಿತ್ತೇ ಅನ್ನೋದು ಬೇರೆ ಮಾತು. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ಯಾರಿಗೆ ಮರೆತಿದೆ? ಅದಕ್ಕೂ ಮುಂಚೆ, 2019ರಲ್ಲೇ, ಹಾಸ್ಟೆಲಿನ ಮೊಬೈಲ್ ನಿರ್ಬಂಧದ ಕೇಸಿನಲ್ಲಿ ಕೇರಳ ಹೈಕೋರ್ಟು ಇಂಟರ್ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗ ಅಂದಿತ್ತು.

ಕರ ಎಷ್ಟು ವಸೂಲಾಯಿತು, ಲೈಬ್ರರಿಗೆ ಎಷ್ಟು ಹೋಯಿತು, ಇಂಟರ್ನೆಟ್ ಬಿಲ್ಲು ಎಷ್ಟು ತಿಂಗಳಿಂದ ಬಾಕಿ — ಈ 3 ಪ್ರಶ್ನೆ ಬರೆದು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಲೇಬೇಕು ಅನ್ನುತ್ತದೆ ಕಾನೂನು.