ಹೊಟ್ಟೆ ಭಾರಕ್ಕೆ ಕಾಲಿಗೆ ಸೂಜಿ?

ಎರಡು ತುತ್ತಿಗೇ ಹೊಟ್ಟೆ ಕಲ್ಲಿನ ಹಾಗಾಗ್ತಿತ್ತು. ಎಂಡೋಸ್ಕೋಪಿಯಲ್ಲಿ ಎಲ್ಲ ನಾರ್ಮಲ್. 'ಫಂಕ್ಷನಲ್ ಡಿಸ್ಪೆಪ್ಸಿಯಾ' ಅಂದರು ಡಾಕ್ಟರು. "ಎಲ್ಲ ಸರಿಯಿದ್ರೆ ಊಟ ಯಾಕೋ ಸೇರಲ್ಲ?" ಅಂತ ಅಮ್ಮನ ಪ್ರಶ್ನೆ. ಎಲೆಕ್ಟ್ರೋ ಅಕ್ಯುಪಂಕ್ಚರ್ ಬಗ್ಗೆ ಓದಲು ಕೂತಿದ್ದು ಆಗಲೇ.

ಜಠರ ನಿಮಿಷಕ್ಕೆ ಸುಮಾರು 3 ಸಲ ಅಲೆಯಂತೆ ಸಂಕುಚಿಸುತ್ತದೆ. ಆ ತಾಳ ಹಾಕುವವು ಕಹಾಲ್ ಜೀವಕೋಶಗಳು. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ವಿಜ್ಞಾನಿಯ ಹೆಸರು ಇವಕ್ಕೆ. ಚೀನಾದಲ್ಲಿ ಅಜೀರ್ಣದ ಇಲಿಗಳ ಮೊಣಕಾಲ ಕೆಳಗಿನ 'ಝೂಸಾನ್ಲಿ' ಬಿಂದುವಿಗೆ ಸೂಜಿ ಚುಚ್ಚಿ ಸಣ್ಣ ಕರೆಂಟ್ ಹರಿಸಿದಾಗ ಈ ಕೋಶಗಳ ಹಾನಿ ತಗ್ಗಿತು, ಜಠರ ಬೇಗ ಖಾಲಿಯಾಯಿತು. ಕಾಲಿನ ಸಂದೇಶ ಮಿದುಳಿಗೆ ಹೋಗಿ, ವೇಗಸ್ ನರದ ಮೂಲಕ ಹೊಟ್ಟೆಗೆ ಇಳಿಯುತ್ತದೆ ಎಂಬ ಸುಳಿವಿದೆ. ಆದರೆ ಇಲಿಯೇ ಬೇರೆ, ನಾನೇ ಬೇರೆ!

ಡಾಕ್ಟರನ್ನು ಕೇಳಿಯೇ ಹೋಗ್ತಿದ್ದೀನಿ. ತಮಗೂ ಗ್ಯಾಸ್ ಅಂತ ಹೊರಟ ಅಪ್ಪನನ್ನು ಮಾತ್ರ ತಡೆದೆ. ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆ, ಈ ಕರೆಂಟ್ ಅವರಿಗೆ ಬೇಡ.