ಭೇದಿಯಾದ ಮಗುವಿಗೆ ನೀರು ನಿಲ್ಲಿಸಬೇಡಿ

ಮಗುವಿಗೆ ನಾಲ್ಕಾರು ಬಾರಿ ನೀರಿನಂತೆ ಭೇದಿಯಾಯಿತೆಂದರೆ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ‘ಹಲ್ಲು ಬರುವ ಹೊತ್ತು, ಹಾಗೇ ಆಗುತ್ತೆ’ ಎನ್ನುತ್ತಾರೆ ಒಬ್ಬರು. ‘ದೃಷ್ಟಿಯಾಗಿದೆ, ನಿವಾಳಿಸಿ’ ಎನ್ನುತ್ತಾರೆ ಮತ್ತೊಬ್ಬರು. ಇವೆರಡಕ್ಕಿಂತ ಅಪಾಯದ ಸಲಹೆ ಮೂರನೆಯದು: ‘ಕುಡಿಸಿದಷ್ಟೂ ಹೋಗುತ್ತದೆ, ಹೊಟ್ಟೆ ಖಾಲಿ ಬಿಡಿ.’

ಭೇದಿಯಿಂದ ಮಕ್ಕಳು ಸಾಯುವುದಕ್ಕೆ ಬಹುಪಾಲು ಕಾರಣ ದೇಹದ ನೀರು ಮತ್ತು ಲವಣ ಸೋರಿಹೋಗುವುದು. ಹತ್ತು ಕಿಲೋ ತೂಗುವ ಮಗು ಒಂದು ಲೀಟರಿನಷ್ಟು ನೀರು ಕಳೆದುಕೊಂಡರೆ ಜೀವಕ್ಕೇ ಕುತ್ತು. ಆ ಹೊತ್ತಿನಲ್ಲಿ ನೀರು ಕೊಡದಿರುವುದೆಂದರೆ ತೂತಾದ ಕೊಡಕ್ಕೆ ನೀರು ತುಂಬುವುದನ್ನೂ ನಿಲ್ಲಿಸಿದಂತೆ.

ಹಳ್ಳಿಗಳಲ್ಲಿ ‘ನೆತ್ತಿ ಬಿದ್ದಿದೆ’ ಎಂದು ಹಸುಗೂಸಿನ ತಲೆಗೆ ಎಣ್ಣೆ ಒತ್ತುವುದುಂಟು. ಅಜ್ಜಿಯರ ಕಣ್ಣು ಕಂಡದ್ದು ಸರಿಯೇ. ಮೈಯ ನೀರು ಬತ್ತಿದಾಗ ಮೆತ್ತನೆಯ ನೆತ್ತಿ ಒಳಕ್ಕೆ ಕುಸಿಯುತ್ತದೆ. ಆದರೆ ಎಣ್ಣೆಯಿಂದ ಅದು ಮೇಲೇಳದು. ಹೋದ ನೀರು ಮರಳಬೇಕು.

ಉಪ್ಪು, ಸಕ್ಕರೆಯ ಗುಟ್ಟು

ಬರೀ ನೀರು ಸಾಲದು. ಭೇದಿಯಾಗುತ್ತಿರುವಾಗಲೂ ಕರುಳಿನ ಒಂದು ಬಾಗಿಲು ತೆರೆದೇ ಇರುತ್ತದೆ: ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಓಆರ್‌ಎಸ್ ಪುಡಿ ಈ ತತ್ವದ ಮೇಲೆಯೇ ನಿಂತಿದೆ.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಾಲನಬಿಸ್ ಗ್ಲೂಕೋಸ್, ಉಪ್ಪು ಮತ್ತು ಅಡುಗೆ ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಮಂದಿಯ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಲೋಟ, ಚಮಚಗಳಿಂದಲೇ ಜೀವ ಉಳಿಸಬಹುದೆಂದು ಜಗತ್ತು ಅಂದು ಕಂಡಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಮನೆಯಲ್ಲಿ ಏನು ಮಾಡಬೇಕು?

ಪೊಟ್ಟಣದ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ನೀರನ್ನು ಕುದಿಸಿ ಆರಿಸಿ, ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಿ. ಅರ್ಧ ಪೊಟ್ಟಣವನ್ನು ಅಂದಾಜಿನಲ್ಲಿ ಬೆರೆಸಬೇಡಿ. ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕು. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿಲೀಟರ್ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರು ಮಾಡಿ. ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು. ಇಲ್ಲಿ ಚಮಚವೆಂದರೆ ಟೀ ಚಮಚ. ಆರು ತಿಂಗಳು ದಾಟಿದ ಮಕ್ಕಳಿಗೆ ಉಪ್ಪು ಹಾಕಿದ ಅಕ್ಕಿಗಂಜಿ, ನೀರು ಮಜ್ಜಿಗೆಯೂ ಒಳ್ಳೆಯದು.

ಅಂಗಡಿಯಲ್ಲಿ ಸಿಗುವ ಬಣ್ಣದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚಾಗುತ್ತದೆ. ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿ.

ಊಟ ಬೇಡವೇ?

ಬೇಕು. ಎದೆಹಾಲನ್ನು ಎಂದಿಗಿಂತ ಹೆಚ್ಚು ಸಲ ಕೊಡಿ. ದೊಡ್ಡ ಮಗುವಿಗೆ ಮೆತ್ತಗಿನ ಮೊಸರನ್ನ, ಬೇಳೆ ಬೆರೆಸಿದ ಅನ್ನ, ಇಡ್ಲಿ, ಬಾಳೆಹಣ್ಣನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ತಿನ್ನಿಸಿ. ಉಪವಾಸ ಕೆಡವಿದ ಮಗು ಸೊರಗುತ್ತದೆ, ಸೊರಗಿದ ಮಗುವಿಗೆ ಮತ್ತೆ ಭೇದಿ ಹಿಡಿಯುತ್ತದೆ.

ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಡಬೇಕು: ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೂ ದೊಡ್ಡವರಿಗೆ 20. ಭೇದಿ ನಿಂತಿತೆಂದು ನಡುವೆ ಬಿಡಬೇಡಿ. ಓಆರ್‌ಎಸ್ ಮತ್ತು ಜಿಂಕ್ ಎರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಭೇದಿ ‘ಕಟ್ಟುವ’ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ಕೊಡಲೇಬಾರದು. ಆಂಟಿಬಯಾಟಿಕ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ.

ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಮಗು ಮಂಕಾಗಿ ಎಚ್ಚರವಾಗದಿದ್ದರೆ, ಕಣ್ಣು ಗುಳಿಬಿದ್ದರೆ, ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದಿರುಗಿದರೂ ಅಪಾಯವೆಂದೇ ತಿಳಿಯಿರಿ. ಎರಡು ತಿಂಗಳೊಳಗಿನ ಕೂಸಾದರೆ ಈ ಲಕ್ಷಣಗಳಿಗೆ ಕಾಯದೆ ವೈದ್ಯರಿಗೆ ತೋರಿಸಿ. ದಾರಿಯುದ್ದಕ್ಕೂ, ಮಗು ನುಂಗಬಲ್ಲದಾದರೆ, ಚಮಚದಲ್ಲಿ ಕುಡಿಸುತ್ತಲೇ ಇರಿ.

ಭೇದಿ ಬರದಂತೆ ತಡೆಯುವ ದಾರಿಗಳೂ ಇವೆ: ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಹಾಲಿನ ಬಾಟಲಿಯ ಬದಲು ಲೋಟ ಮತ್ತು ಒಳಲೆ, ಕುದಿಸಿ ಆರಿಸಿದ ನೀರು, ಮಗುವಿನ ಮಲ ತೊಳೆದ ಮೇಲೆ ಸೋಪಿನಿಂದ ಕೈತೊಳೆತ. 6, 10 ಮತ್ತು 14 ವಾರಗಳಲ್ಲಿ ಉಚಿತವಾಗಿ ಹಾಕುವ ರೋಟಾವೈರಸ್ ಲಸಿಕೆಯನ್ನು ತಪ್ಪಿಸಬೇಡಿ. ಮನೆಯ ಔಷಧಿ ಡಬ್ಬಿಯಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಸದಾ ಇರಲಿ. ಭೇದಿ ಹೆಚ್ಚಾಗಿ ಶುರುವಾಗುವುದು ಅಂಗಡಿ ಬಾಗಿಲು ಹಾಕಿದ ಮೇಲೆಯೇ!