ಹಳೆಯ ಮೈದಾನಕ್ಕೆ ಹೊಸ ಹಸುರು

ಶಿವಾಜಿನಗರದ ಬಸ್ ನಿಲ್ದಾಣದ ನೂಕುನುಗ್ಗಲನ್ನು ಹಿಂದಿಕ್ಕಿ, ಕನ್ನಿಂಗ್‌ಹ್ಯಾಂ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ನಡೆದವರಿಗೆ ಕೆಲಹೊತ್ತಿನಲ್ಲಿಯೇ ಹೈ ಗ್ರೌಂಡ್ಸ್ ಎಂಬ ಏರುನೆಲ ಎದುರಾಗುತ್ತದೆ. ಒಂದು ಬದಿಗೆ ಸ್ಯಾಂಕಿ ರಸ್ತೆ. ಮತ್ತೊಂದು ಬದಿಗೆ ಚಿತ್ರಕಲಾ ಪರಿಷತ್ತಿರುವ ಕುಮಾರಕೃಪಾ ರಸ್ತೆ. ಇವುಗಳ ನಡುವೆ ಎತ್ತರದ ಬಲೆಗಳ ಹಿಂದೆ ಹಸುರೊಂದು ಇಣುಕುತ್ತದೆ. ಅದೇ 1876ರಲ್ಲಿ ಆಂಗ್ಲರು ಸ್ಥಾಪಿಸಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೈದಾನ. ನಮ್ಮ ದೇಶದಲ್ಲಿ ಈ ಆಟಕ್ಕೆ ಮೊದಲ ನೆಲೆ ದೊರೆತದ್ದು 1829ರಲ್ಲಿ, ಕಲ್ಕತ್ತೆಯಲ್ಲಿ. ದಂಡಿನ ಬೆಂಗಳೂರು ಅದಕ್ಕಿಂತ ಅರ್ಧ ಶತಮಾನದಷ್ಟು ಕಿರಿದಾದರೂ ಹಳಬರ ಸಾಲಿನಲ್ಲಿಯೇ ನಿಲ್ಲುತ್ತದೆ.

ಇಂತಹ ಯಾವುದೇ ಹಳೆಯ ಕ್ಲಬ್ಬಿನ ಸೂಚನಾಫಲಕದ ಮೇಲೆ ‘ನವೀಕರಣ’ ಎಂಬ ಪದ ಕಾಣಿಸಿಕೊಂಡ ದಿನ ಹಿರಿಯ ಸದಸ್ಯರ ಮುಖ ಬಾಡುತ್ತದೆ. ಹೊರಗಿನವರಿಗೆ ಇದು ಸೋಜಿಗ. ಮನೆಗೆ ಸುಣ್ಣ ಬಳಿದರೆ ಯಾರಾದರೂ ಮುನಿಯುವರೇ? ಆದರೆ ಗಾಲ್ಫ್ ಮೈದಾನವು ಕ್ರಿಕೆಟ್ ಅಂಕಣದಂತೆ ಎಲ್ಲೆಡೆ ಒಂದೇ ಅಳತೆಯದಲ್ಲ. ಹದಿನೆಂಟು ಗುಂಡಿಗಳು; ಒಂದೊಂದರ ಅಗಲ 108 ಮಿಲಿಮೀಟರು ಮಾತ್ರ. ಆ ಗುಂಡಿಯ ಸುತ್ತಲಿನ ನುಣುಪಾದ ಹುಲ್ಲುಗಾವಲು, ಅಂದರೆ ‘ಗ್ರೀನ್’, ಎಲ್ಲಿ ಬೆರಳಗಲ ತಗ್ಗಿದೆ, ಯಾವ ಕಡೆಗೆ ಚೆಂಡನ್ನು ಸೆಳೆಯುತ್ತದೆ ಎಂಬುದನ್ನು ಅರಿಯಲು ವರ್ಷಗಳೇ ಬೇಕು. ಮೂವತ್ತು ವರ್ಷ ಒಂದೇ ನೆಲದ ಮೇಲೆ ನಡೆದ ಸದಸ್ಯನಿಗೆ ಅದು ಬಾಯಿಪಾಠ. ತೋಳಿನ ಬಲ ಕುಗ್ಗಿದ ಮೇಲೂ ಇಪ್ಪತ್ತೈದರ ತರುಣನನ್ನು ಅವನು ಸೋಲಿಸುವುದು ಈ ವಿದ್ಯೆಯಿಂದಲೇ. ಮಣ್ಣು ಅಗೆಯುವ ಯಂತ್ರ ಒಂದು ವಾರದಲ್ಲಿ ಅದನ್ನು ಅಳಿಸಿಬಿಡುತ್ತದೆ. ಅವನ ಅಸಮಾಧಾನವನ್ನು ಬರಿಯ ಮುದುಕುತನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗೆಂದು ಅಗೆಯದೆ ಬಿಡುವಂತೆಯೂ ಇಲ್ಲ. ಗ್ರೀನಿನ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿನಷ್ಟು ಗಿಡ್ಡವಾಗಿ ಕತ್ತರಿಸುತ್ತಾರೆ. ಹಾಗೆ ಬೋಳಿಸಿಕೊಂಡ ಹುಲ್ಲು ಬದುಕಬೇಕಾದರೆ ಬೇರಿಗೆ ಗಾಳಿ ಬೇಕು, ಮಳೆನೀರು ತಕ್ಷಣ ಇಳಿದುಹೋಗಬೇಕು. ಹಳೆಯ ಮೈದಾನಗಳಲ್ಲಿ ದಿನವೂ ತುಳಿದು ಗಟ್ಟಿಯಾದ ಊರಮಣ್ಣು ಮುಂಗಾರಿನಲ್ಲಿ ಕೆಸರು, ಬೇಸಗೆಯಲ್ಲಿ ಹೆಂಚು. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಪ್ರಕಟಿಸಿದ ಕ್ರಮ ಇದಕ್ಕೆ ಪರಿಹಾರವೆಂದು ಲೋಕವೆಲ್ಲ ಒಪ್ಪಿದೆ: ಅಡಿಯಲ್ಲಿ ನೀರು ಬಸಿಯುವ ಕೊಳವೆ, ಅದರ ಮೇಲೆ ನಾಲ್ಕಂಗುಲ ಜಲ್ಲಿ, ಅದರ ಮೇಲೆ ಹನ್ನೆರಡಂಗುಲ ಮರಳುಮಿಶ್ರಿತ ಪದರ, ಎಲ್ಲಕ್ಕಿಂತ ಮೇಲೆ ಹುಲ್ಲು. ಹುಲ್ಲಿನ ಕಥೆಯಂತೂ ಇನ್ನೂ ಸ್ವಾರಸ್ಯಕರ. ಸಾಹೇಬರು ‘ಬರ್ಮುಡಾ’ ಎಂದು ಕರೆಯುವುದು ಬೇರೇನೂ ಅಲ್ಲ, ನಮ್ಮ ಗೃಹಿಣಿಯರು ಚೌತಿಯ ದಿನ ಗಣಪನಿಗೆ ಏರಿಸುವ ಗರಿಕೆಯೇ! ಆಫ್ರಿಕದ ಸೋದರ ಜಾತಿಯೊಂದರೊಡನೆ ಅದನ್ನು ಕೂಡಿಸಿ, ಅಮೆರಿಕದ ಟಿಫ್ಟನ್ ಎಂಬ ಊರಿನಲ್ಲಿ ಬೆಳೆಸಿದ ನವಿರಾದ ತಳಿಗಳು ಬಿಸಿನಾಡಿನ ಮೈದಾನಗಳಿಗೆಲ್ಲ ಹಬ್ಬಿದವು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಗಾಲ್ಫಿಗೆ ಕಾಶಿಯಿದ್ದಂತೆ. ಅಲ್ಲಿಯ ಹಳೆಯ ಮೈದಾನದಲ್ಲಿ 1764ರಲ್ಲಿ ಇಪ್ಪತ್ತೆರಡು ಗುಂಡಿಗಳನ್ನು ಹದಿನೆಂಟಕ್ಕೆ ಇಳಿಸಿದ್ದೇ ಮುಂದೆ ಜಗತ್ತಿಗೆಲ್ಲ ನಿಯಮವಾಯಿತು. ಆದ್ದರಿಂದ ಕಾಶಿಯೂ ನವೀಕರಣಕ್ಕೆ ಹೊರತಲ್ಲ. ಆದರೂ 2012ರಲ್ಲಿ ಮಾರ್ಟಿನ್ ಹಾಟ್ರಿ ಎಂಬ ವಿನ್ಯಾಸಕಾರನ ಸಲಹೆಯಂತೆ ಕೆಲವು ಮರಳುಗುಂಡಿಗಳನ್ನು ಸರಿಸಿ, ಹನ್ನೊಂದನೆಯ ಗ್ರೀನಿನ ಒಂದು ಇಳಿಜಾರನ್ನು ತಗ್ಗಿಸಿ, ಹದಿನೇಳನೆಯದರ ಹೆಸರಾಂತ ಮರಳುಗುಂಡಿಯನ್ನು ಅರ್ಧ ಮೀಟರು ಹಿಗ್ಗಿಸಿದಾಗ ಗಾಲ್ಫ್ ಪ್ರಪಂಚದಲ್ಲಿ ಕೋಲಾಹಲವೆದ್ದಿತು. ಅರ್ಧ ಮೀಟರಿಗೆ ಇಷ್ಟು ರಂಪವೇ ಎಂದು ವಾಚಕರು ನಗಬಹುದು. ಜನರಿಗೆ ನೋವಾದದ್ದು ಅಳತೆಯಿಂದಲ್ಲ; ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಯಂತ್ರಗಳು ಬಂದು ನಿಂತದ್ದರಿಂದ.

ನಮ್ಮ ದೇಶದಲ್ಲಿ ದೆಹಲಿಯ ಗಾಲ್ಫ್ ಕ್ಲಬ್ಬಿನ ಲೋಧಿ ಮೈದಾನವನ್ನು 1970ರ ದಶಕದಲ್ಲಿ ತಿದ್ದಿದವರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್; ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಐದು ಬಾರಿ ಗೆದ್ದ ಧೀರ. ಅದನ್ನು 2019ರಲ್ಲಿ ಮತ್ತೆ ತಿದ್ದಿದವರು ದಕ್ಷಿಣ ಆಫ್ರಿಕದ ಗ್ಯಾರಿ ಪ್ಲೇಯರ್. ಒಬ್ಬ ಮಹಾರಥಿಯ ಬರಹದ ಮೇಲೆ ಮತ್ತೊಬ್ಬನ ಲೇಖನಿ! ಇಂದಿರಾನಗರದ ಪಕ್ಕದಲ್ಲಿ, ಚಲ್ಲಘಟ್ಟದ ಕೆರೆಯಂಗಳದಲ್ಲಿ ಎದ್ದುನಿಂತ ಕರ್ನಾಟಕ ಗಾಲ್ಫ್ ಸಂಘದ ಮೈದಾನವೂ ಥಾಮ್ಸನ್ನರ ತಂಡದ ಕೃತಿಯೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಅದಿತಿ ಅಶೋಕ್ ಐದು ವರ್ಷದ ಬಾಲೆಯಾಗಿ ಕೋಲು ಹಿಡಿದದ್ದು ಅಲ್ಲಿ. ಅಲ್ಲಿ ನೆಲ ವಿಶಾಲ. ಹೈ ಗ್ರೌಂಡ್ಸಿನ ಸಂಕಟ ಬೇರೆ ಬಗೆಯದು.

ಆ ಮೈದಾನ ಬೆಳೆಯುವಂತಿಲ್ಲ. ಸುತ್ತಲೂ ನಗರ ಬೆಳೆದಿದೆ. 1876ರ ಚೆಂಡು ಗಟ್ಟಾಪರ್ಚಾ ಎಂಬ ಮರದ ಅಂಟಿನದು. ಇಂದಿನ ಚೆಂಡು ಅದಕ್ಕಿಂತ ಬಹುದೂರ ಹಾರುತ್ತದೆ; ಎಷ್ಟೆಂದರೆ, ಆಟದ ನಿಯಾಮಕ ಸಂಸ್ಥೆಗಳೇ 2023ರಲ್ಲಿ ಅದರ ಓಟಕ್ಕೆ ಕಡಿವಾಣ ಹಾಕಲು ನಿರ್ಧರಿಸಿದವು. ಜಟಕಾಗಾಡಿಯ ದಾರಿಯ ಪಕ್ಕದಲ್ಲಿ ಆಡುತ್ತಿದ್ದ ಆಟವನ್ನು ಈಗ ಸ್ಕೂಟರು, ಬಸ್ಸುಗಳ ಹೊಳೆಯ ದಡದಲ್ಲಿ ಆಡಬೇಕಾಗಿದೆ. ಬಲೆಗಳಿಂದ ನೋಟ ಕೆಟ್ಟಿತೆಂದು ಸದಸ್ಯ ಗೊಣಗಬಹುದು. ಆದರೆ ಕ್ಲಬ್ಬಿಗೆ ಕಾಲಿಡದ, ಕಾಲಿಡಲಾಗದ ದಾರಿಹೋಕನ ತಲೆಯ ಪ್ರಶ್ನೆ ಬಂದಾಗ ಆ ಗೊಣಗಾಟಕ್ಕೆ ಬೆಲೆಯಿಲ್ಲ. ಒಂದು ಗುಂಡಿಯ ದಿಕ್ಕನ್ನೇ ತಿರುಗಿಸಬೇಕಾಗಿ ಬಂದರೂ ತಿರುಗಿಸತಕ್ಕದ್ದೇ. ನೀರಿನ ವಿಷಯವೂ ಹಾಗೆಯೇ. 2024ರ ಮಾರ್ಚ್ ತಿಂಗಳ ಬರದಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಬಾರದೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಬಾಯಾರಿದ ಊರಿನ ನಡುವೆ ಶುದ್ಧೀಕರಿಸಿದ ಕೊಳಚೆ ನೀರನ್ನು ಕುಡಿದು ಬದುಕಬಲ್ಲ ಹುಲ್ಲಿಗೆ ಮಾತ್ರವೇ ಇರಲು ಹಕ್ಕುಂಟು.

ಹಿರಿಯ ಸದಸ್ಯನ ಮಾತು ನಿಲ್ಲುವುದು ಮತ್ತೊಂದು ಕಡೆ. ಜಲ್ಲಿ ಹಾಕಲಿ, ಕೊಳವೆ ಹೂಳಲಿ, ಹುಲ್ಲು ಬದಲಿಸಲಿ. ಆದರೆ ಅಗೆಯುವ ಮುನ್ನ ಪ್ರತಿಯೊಂದು ಗ್ರೀನಿನ ಏರಿಳಿತಗಳನ್ನು ಅಳೆದು ನಕ್ಷೆಗಿಳಿಸಿ, ಮುಚ್ಚುವಾಗ ಆ ನೆಲಮಟ್ಟವನ್ನೇ ಮರಳಿ ತನ್ನಿ ಎಂಬುದು ಅವನ ಬೇಡಿಕೆ. ಇಂದಿನ ಅಳತೆಯ ಉಪಕರಣಗಳಿಗೆ ಇದು ಅಸಾಧ್ಯವೇನಲ್ಲ. ಸ್ವಲ್ಪ ಹಣ, ಬಹಳ ತಾಳ್ಮೆ ಬೇಕು. ತಾಳ್ಮೆಯೇ ಸಮಿತಿಗಳಲ್ಲಿ ದುರ್ಲಭವೆಂಬುದು ಬೇರೆ ಮಾತು.

ಈ ಬೇಡಿಕೆ ಅವನೊಬ್ಬನದೂ ಅಲ್ಲ. ಚೀಲ ಹೊತ್ತು ಅವನ ಹಿಂದೆ ನಡೆಯುವ ಕ್ಯಾಡಿಗೆ ಆ ಏರಿಳಿತಗಳ ಅರಿವೇ ಅನ್ನ. ‘ಎರಡು ಬೆರಳು ಎಡಕ್ಕೆ ಹೊಡೆಯಿರಿ, ಸ್ವಾಮಿ’ ಎಂಬ ಮಾತಿಗಾಗಿಯೇ ಅವನನ್ನು ಹುಡುಕಿ ಕರೆಯುತ್ತಾರೆ. ಬೆಂಗಳೂರಿನಲ್ಲಿ ಹೀಗೆ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ನವೀಕರಣ ಮುಗಿದು ಮೈದಾನ ಮತ್ತೆ ತೆರೆದ ಮುಂಜಾನೆ, ಇಬ್ಬನಿಯ ಮೇಲೆ ಮೊಣಕಾಲೂರಿ ಹೊಸ ಹಸುರಿನ ಓಟವನ್ನು ದಿಟ್ಟಿಸುವವರು ಇಬ್ಬರು: ಸದಸ್ಯ ಒಬ್ಬ, ಅವನ ಭುಜದ ಹಿಂದೆ ಕ್ಯಾಡಿ.